ಹತ್ತನೇ ಸ್ಥಾನದ ಲೆಕ್ಕ ನಾನು ಹಾಕಿದ್ದು ಹೀಗೆ

2023-24ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನಕ್ಕೆ ಬಂದು ನಿಂತಿತು. 22 ಪಂದ್ಯ, 5 ಗೆಲುವು, 7 ಡ್ರಾ, 10 ಸೋಲು. ಹೊಡೆದದ್ದು 20 ಗೋಲು, ಬಿಟ್ಟುಕೊಟ್ಟದ್ದು 34. ಅದರ ಹಿಂದಿನ ವರ್ಷವಷ್ಟೇ ಫೈನಲ್ ಆಡಿದ್ದ ತಂಡ ಇದು. ಅಷ್ಟು ಬೇಗ ಇಷ್ಟು ಕೆಳಗೆ ಯಾಕೆ ಬಿತ್ತು ಎಂದು ನಾನೇ ಕೂತು ಲೆಕ್ಕ ಹಾಕಿದೆ. ಹೇಗೆ ಹಾಕಿದೆ, ಕೈಗೆ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನಿರುವುದು ಕಾರವಾರದಲ್ಲಿ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಮಡಗಾಂವಿನ ಫತೋರ್ಡಾ ಸ್ಟೇಡಿಯಂ ನಮಗೆ ನೆರೆಮನೆಯಷ್ಟೇ ಹತ್ತಿರ. ಬೆಂಗಳೂರಿನ ಕಂಠೀರವ ನೋಡಬೇಕಾದರೆ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಒಂದಿಡೀ ರಾತ್ರಿ ಕಳೆಯಬೇಕು. ಇಲ್ಲಿ ಎಷ್ಟೋ ಮನೆಗಳಿಗೆ ಗೋವಾದ ಜೊತೆ ಸಂಬಂಧ, ಕೊಡುಕೊಳ್ಳುವಿಕೆ ಇದೆ. ಹಾಗಾಗಿ ಗೋವಾ ತಂಡದ ಕಿತ್ತಳೆ ಬಣ್ಣದ ಜೆರ್ಸಿ ಹಾಕುವವರು ಬಹಳ. ನನ್ನದು ಬೆಂಗಳೂರಿನ ನೀಲಿ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಇದೇ ಆದಾಗಿನಿಂದ ನಾನು ಈ ತಂಡದ ಕೈ ಬಿಟ್ಟಿಲ್ಲ.

ಸದಾಶಿವಗಡದ ನನ್ನ ಭಾವ ಗೋವಾ ತಂಡದ ಅಭಿಮಾನಿ. ಸೀಸನ್ ಮುಗಿದ ಮೇಲೆ ಅವನ ತೀರ್ಪು ಒಂದೇ ಮಾತಿನಲ್ಲಿ ಬಂತು: "ಭಾವ, ನಿಮ್ಮ ಛೆಟ್ರಿಗೆ ವಯಸ್ಸಾಯ್ತು. ಅದಕ್ಕಿಂತ ಹೆಚ್ಚಿಗೆ ಎಂತಾ ಇಲ್ಲ." ಛೆಟ್ರಿ ಅಂದರೆ ನಮ್ಮ ನಾಯಕ, ಗೋಲು ಹೊಡೆಯುವ ಸುನಿಲ್ ಛೆಟ್ರಿ. ನನ್ನ ಜೊತೆ ಪಂದ್ಯ ನೋಡುವ ಗೆಳೆಯರದು ಇನ್ನೊಂದು ತೀರ್ಪು, ಕೋಚ್ ಸರಿ ಇರಲಿಲ್ಲ ಅಂತ. ಎರಡೂ ಮಾತು ಸುಲಭವಾಗಿ ಬಾಯಿಗೆ ಬರುವಂಥವು. ಈ ಎರಡನ್ನೂ ಪರೀಕ್ಷಿಸಿ ನೋಡಬೇಕು ಎಂದೇ ನಾನು ಪುಸ್ತಕ ತೆಗೆದದ್ದು.

ಪುಸ್ತಕ ಅಂದರೆ ಇನ್ನೂರು ಪುಟದ ಸಾದಾ ನೋಟ್‌ಬುಕ್. ಒಂದು ಪಂದ್ಯಕ್ಕೆ ಒಂದು ಹಾಳೆ. ಎಡಗಡೆ ಪುಟದಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತೇನೆ: ಎಷ್ಟನೇ ನಿಮಿಷ, ಚೆಂಡು ಎಲ್ಲಿ ಕಳೆದುಹೋಯಿತು, ಯಾರು ಎಲ್ಲಿ ನಿಂತಿದ್ದರು, ಬದಲಿ ಆಟಗಾರ ಯಾವಾಗ ಬಂದ. ಬಲಗಡೆ ಪುಟ ಮರುದಿನ ಬೆಳಿಗ್ಗೆವರೆಗೂ ಖಾಲಿ. ಟಾಗೋರ್ ಬೀಚಿನಲ್ಲಿ ಒಂದು ಸುತ್ತು ನಡೆದು ಬಂದು, ತಲೆ ತಣ್ಣಗಾದ ಮೇಲೆ ಅಭಿಪ್ರಾಯ ಬರೆಯುತ್ತೇನೆ. ಸೋತ ರಾತ್ರಿ ಬರೆದದ್ದನ್ನು ನಂಬಬಾರದು. ಆ ಹೊತ್ತಿನಲ್ಲಿ ಗೋಲ್‌ಕೀಪರ್‌ನಿಂದ ಹಿಡಿದು ರೆಫರಿವರೆಗೆ ಎಲ್ಲರೂ ತಪ್ಪಿತಸ್ಥರಾಗಿ ಕಾಣುತ್ತಾರೆ. 2024ರ ಏಪ್ರಿಲ್ 11ರಂದು ಕಂಠೀರವದಲ್ಲೇ ಮೋಹನ್ ಬಗಾನ್ ಎದುರು 4-0 ಸೋತು ಸೀಸನ್ ಮುಗಿದಾಗಲೂ ಪುಸ್ತಕ ಮುಚ್ಚಿಟ್ಟುಬಿಟ್ಟೆ. ಮತ್ತೆ ತೆಗೆದದ್ದು ಮಳೆ ಹಿಡಿದ ಮೇಲೆ.

ಮೊದಲು ಮಾಡಿದ ಕೆಲಸ, ಬಿಟ್ಟುಕೊಟ್ಟ ಗೋಲುಗಳನ್ನು ವಿಂಗಡಿಸಿದ್ದು. ಕಾರ್ನರ್, ಫ್ರೀ ಕಿಕ್‌ನಿಂದ ಬಂದದ್ದು ಒಂದು ರಾಶಿ. ಬದಿಯಿಂದ ಬಂದ ಕ್ರಾಸ್ ಒಂದು. ಎದುರಾಳಿಯ ಅಪ್ಪಟ ಕೌಶಲ ಒಂದು. ನಾವೇ ಕೈಯಾರೆ ಕೊಟ್ಟದ್ದು ಇನ್ನೊಂದು. ಯಾವ ಗೋಲು ಯಾವ ರಾಶಿಗೆ ಎಂಬುದರಲ್ಲಿ ವಾದಕ್ಕೆ ಜಾಗ ಇದ್ದೇ ಇದೆ. ಆದರೆ ಕೊನೆಯ ರಾಶಿ ಬೆಳೆಯುತ್ತ ಹೋದದ್ದು ನೋಡಿದರೆ ಹೊಟ್ಟೆ ಉರಿಯುತ್ತದೆ. ಸೀಸನ್ನಿನ ಮೊದಲ ಪಂದ್ಯವೇ ಸಾಕ್ಷಿ. 2023ರ ಸೆಪ್ಟೆಂಬರ್ 21, ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು. ಮೊದಲ ಗೋಲು ನಮ್ಮ ವೀನ್‌ಡಾರ್ಪ್ ಕೊಟ್ಟ ಸ್ವಂತ ಗೋಲು. ಎರಡನೆಯದರಲ್ಲಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಚೆಂಡನ್ನು ಹಿಡಿತಕ್ಕೆ ತಂದುಕೊಳ್ಳಲು ತಡಮಾಡಿದರು, ಬ್ಲಾಸ್ಟರ್ಸ್‌ನ ಲೂನಾ ಓಡಿಬಂದು ಕಸಿದು ಬಲೆಗೆ ಹಾಕಿದ. ಕರ್ಟಿಸ್ ಮೇನ್ ಕೊನೆಗೆ ಒಂದು ಹೊಡೆದರೂ 2-1 ಸೋಲು. ಎರಡನೇ ಪಂದ್ಯ ಕೋಲ್ಕತ್ತದಲ್ಲಿ, ಮೋಹನ್ ಬಗಾನ್ ಎದುರು. ನಮ್ಮ ಸುರೇಶ್, ರೋಷನ್ ಇಬ್ಬರಿಗೂ ಕೆಂಪು ಕಾರ್ಡ್, 1-0 ಸೋಲು. ಎರಡು ಪಂದ್ಯದಲ್ಲೇ ತಂಡದ ಧೈರ್ಯ ಅರ್ಧ ಕರಗಿತ್ತು.

ಭಾವನ ಮಾತಿಗೆ ಬರುತ್ತೇನೆ. ಕೊಚ್ಚಿಯ ಆ ಪಂದ್ಯದಲ್ಲಿ ಛೆಟ್ರಿ ಇರಲೇ ಇಲ್ಲ. ಅದೇ ದಿನ ಅವರು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಪೆನಾಲ್ಟಿ ಹೊಡೆದು ಭಾರತವನ್ನು ಗೆಲ್ಲಿಸುತ್ತಿದ್ದರು. ಆ ಆಗಸ್ಟ್‌ಗೆ ಅವರಿಗೆ 39 ತುಂಬಿತ್ತು, ನಿಜ. ಆದರೆ ಹಿಂದಿನ ವರ್ಷದ ಹಾಳೆಗಳನ್ನು ತಿರುವಿದಾಗ ನನಗೆ ಸ್ಪಷ್ಟವಾದದ್ದು ಬೇರೆ. ತಂಡ ಚೆನ್ನಾಗಿ ಆಡಿದ 2022-23ರ ಕೊನೆಯ ಭಾಗದಲ್ಲಿ ಮುಂದಿನ ಸಾಲಿನಲ್ಲಿ ಓಡುತ್ತಿದ್ದವರು ರಾಯ್ ಕೃಷ್ಣ ಮತ್ತು ಶಿವಶಕ್ತಿ. ಛೆಟ್ರಿ ಬೆಂಚಿನಿಂದ ಎದ್ದು ಬರುತ್ತಿದ್ದರು. ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದ ಆ ಪ್ಲೇ-ಆಫ್‌ನ (ಲೀಗ್ ಮುಗಿದ ಮೇಲಿನ ನಾಕೌಟ್ ಪಂದ್ಯದ) ಫ್ರೀ ಕಿಕ್ ಗೋಲನ್ನು ಹೊಡೆದದ್ದೂ ಬದಲಿಯಾಗಿ ಬಂದೇ. 2023ರ ಮಾರ್ಚ್ 18ರಂದು ಮೋಹನ್ ಬಗಾನ್ ಎದುರಿನ ಫೈನಲ್‌ನಲ್ಲೂ ಹಾಗೆಯೇ. ಅದನ್ನು ನಾನು ಫತೋರ್ಡಾದಲ್ಲೇ ಕೂತು ನೋಡಿದ್ದೇನೆ. ಪಂದ್ಯ ಶುರುವಾಗಿ ಜನ ಇನ್ನೂ ಸೀಟು ಹುಡುಕುತ್ತಿರುವಾಗಲೇ ಶಿವಶಕ್ತಿ ಗಾಯಗೊಂಡು ಹೊರಗೆ ಹೋದ, ಛೆಟ್ರಿ ಒಳಗೆ ಬಂದರು. ಮೊದಲಾರ್ಧ ಮುಗಿಯುವ ಹೊತ್ತಿಗೆ ಛೆಟ್ರಿಯ ಪೆನಾಲ್ಟಿಯಿಂದ 1-1. ಆಮೇಲೆ ರಾಯ್ ಕೃಷ್ಣ ತಲೆಯಿಂದ ಹೊಡೆದು 2-1 ಮಾಡಿದಾಗ ಕಪ್ ನಮ್ಮದೇ ಅಂದುಕೊಂಡೆ. ಬಗಾನ್‌ನ ಪೆಟ್ರಾಟೋಸ್ ಇನ್ನೊಂದು ಪೆನಾಲ್ಟಿಯಲ್ಲಿ ಸಮ ಮಾಡಿದ, ಶೂಟೌಟ್‌ನಲ್ಲಿ ನಮ್ಮ ಬ್ರೂನೊ ರಮಿರೆಸ್ ಹೊಡೆದದ್ದನ್ನು ಅವರ ಗೋಲ್‌ಕೀಪರ್ ವಿಶಾಲ್ ಕೈತ್ ತಡೆದ, ಪಾಬ್ಲೊ ಪೆರೆಸ್ ಹೊಡೆದದ್ದು ಮೇಲೆ ಹೋಯಿತು. ಆ ರಾತ್ರಿಯ ನೋವು ದೊಡ್ಡದೇ. ಆದರೂ ಮಡಗಾಂವ್ ಸ್ಟೇಷನ್ನಿನಲ್ಲಿ ಕೂತಾಗ, ಈ ತಂಡ ಮುಂದಿನ ವರ್ಷ ಮತ್ತೆ ಇಲ್ಲಿಗೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿತ್ತು.

ಆ ತಂಡವೇ ಉಳಿಯಲಿಲ್ಲ. ನನ್ನ ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದ ಹಾಳೆ ಇದು: ನಡುವೆ ಒಂದು ಗೆರೆ, ಈ ಕಡೆ ಹೋದವರು, ಆ ಕಡೆ ಬಂದವರು. ರಾಯ್ ಕೃಷ್ಣ ಒಡಿಶಾಗೆ ಹೋದರು. ಸಂದೇಶ್ ಜಿಂಗಾನ್ ಮತ್ತು ಉದಾಂತ ಗೋವಾಗೆ. ಪ್ರಬೀರ್ ದಾಸ್ ಕೇರಳಕ್ಕೆ. ಅಲನ್ ಕೋಸ್ಟಾ, ಬ್ರೂನೊ ರಮಿರೆಸ್, ಪಾಬ್ಲೊ ಪೆರೆಸ್ ಕೂಡ ಇಲ್ಲ. ಹಿಂದಿನ ಸಾಲಿನ ನಡುವೆ ನಿಂತು ಕೂಗಿ ಕೂಗಿ ಎಲ್ಲರನ್ನೂ ಜಾಗಕ್ಕೆ ತರುವವನು, ಅವನ ಮುಂದೆ ಚೆಂಡು ಕಸಿಯುವವನು, ಎಲ್ಲರಿಗಿಂತ ಮುಂದೆ ಓಡಿ ಎದುರಾಳಿ ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗುವವನು, ಮೂವರೂ ಒಂದೇ ಬೇಸಿಗೆಯಲ್ಲಿ ಹೋದರು. ಬಂದವರಲ್ಲಿ ಕರ್ಟಿಸ್ ಮೇನ್, ರಯಾನ್ ವಿಲಿಯಮ್ಸ್, ಸ್ಲಾವ್ಕೊ ದಮ್ಯಾನೊವಿಚ್, ವೀನ್‌ಡಾರ್ಪ್, ಹಾಲಿಚರಣ್ ನರ್ಜರಿ, ಜೆಸ್ಸೆಲ್ ಇದ್ದರು. ಇವರಲ್ಲಿ ಯಾರೂ ಆಟ ಗೊತ್ತಿಲ್ಲದವರಲ್ಲ. ವಿಲಿಯಮ್ಸ್ ಬೆವರು ಸುರಿಸಿದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೋದವರ ಜಾಗಕ್ಕೆ ಸರಿಯಾಗಿ ಹೊಂದುವವರನ್ನು ತಂದಂತೆ ನನಗೆ ಕಾಣಲಿಲ್ಲ. ಸೀಸನ್ ಸೋತದ್ದು ಮೈದಾನದಲ್ಲಲ್ಲ, ಜೂನ್-ಜುಲೈ ತಿಂಗಳ ಆ ಸಹಿಗಳಲ್ಲಿ. ನನ್ನ ತೀರ್ಪು ಇದೇ, ಇಂದಿಗೂ ಇದರಿಂದ ಹಿಂದೆ ಸರಿಯುವುದಿಲ್ಲ. ಛೆಟ್ರಿ ಮೇಲೆ ಮತ್ತೆ ಪೂರ್ತಿ ಭಾರ ಬಿದ್ದದ್ದು ಅದರ ಫಲ.

ಕೋಚ್ ವಿಷಯ. ಡಿಸೆಂಬರ್ 8ರಂದು ಮನೆಯಂಗಳದಲ್ಲೇ ಮುಂಬೈ ಸಿಟಿ ಎದುರು 4-0 ಸೋತ ಮರುದಿನ ಸೈಮನ್ ಗ್ರೇಸನ್ ಅವರನ್ನು ಕಳಿಸಿದರು. ಆ ಹೊತ್ತಿಗೆ ಲೀಗ್‌ನಲ್ಲಿ ಗೆದ್ದದ್ದು ಈಸ್ಟ್ ಬೆಂಗಾಲ್ ವಿರುದ್ಧದ ಒಂದೇ ಪಂದ್ಯ. ಯಾವ ಕ್ಲಬ್ಬೂ ತಡೆದುಕೊಳ್ಳುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಇದೇ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದುಕೊಟ್ಟವರು, ಮರುವರ್ಷದ ಆರಂಭದಲ್ಲಿ ಲೀಗ್‌ನಲ್ಲಿ ಸಾಲಾಗಿ ಎಂಟು ಪಂದ್ಯ ಗೆಲ್ಲಿಸಿದವರು. ಆರೇಳು ತಿಂಗಳಲ್ಲಿ ಅವರು ಫುಟ್‌ಬಾಲ್ ಮರೆತುಬಿಟ್ಟರೇ? ಅವರ ನಂತರ ಬಂದ ಗೆರಾರ್ಡ್ ಝರಗೋಝಾ ಹಿಂದೆ ಇದೇ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದವರು, ಮನೆ ಗೊತ್ತಿದ್ದವರು. ಜನವರಿಯಲ್ಲಿ ಹೈದರಾಬಾದಿನಿಂದ ಚಿಂಗ್ಲೆನ್‌ಸನಾ, ನಿಖಿಲ್ ಪೂಜಾರಿ ಬಂದರು. ಆಟ ಸ್ವಲ್ಪ ಚೇತರಿಸಿಕೊಂಡಿತು, ಕೊನೆಯ ಪಟ್ಟಿಯಲ್ಲಿ ಸ್ಥಾನ ಮಾತ್ರ ಮೇಲೇರಲಿಲ್ಲ. ಹುಟ್ಟು ಮುರಿದ ದೋಣಿಗೆ ಅದನ್ನು ನಡೆಸುವ ತಂಡೇಲನನ್ನು ಬದಲಿಸಿದರೆ ದೋಣಿ ನೆಟ್ಟಗೆ ಹೋಗುವುದಿಲ್ಲ ಎಂದು ಬೈತಖೋಲ್ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಟಿವಿಯಲ್ಲಿ ನೋಡಿ ಇಷ್ಟೆಲ್ಲ ಹೇಳುವುದು ಎಷ್ಟು ಸರಿ ಎಂಬ ಪ್ರಶ್ನೆ ನನಗೂ ಇತ್ತು. ಆಗ ಮೊಬೈಲಿನಲ್ಲಿ ನೋಡುತ್ತಿದ್ದ ಜಿಯೋಸಿನಿಮಾದಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿತ್ತು. ಚೆಂಡಿಲ್ಲದ ಕಡೆ ಏನಾಗುತ್ತಿದೆ ಎಂಬುದು ತಿಳಿಯಬೇಕಾದರೆ ಸ್ಟೇಡಿಯಂಗೇ ಹೋಗಬೇಕು. 2024ರ ಮಾರ್ಚ್ 2ರ ಶನಿವಾರ ಬ್ಲಾಸ್ಟರ್ಸ್ ಪಂದ್ಯಕ್ಕೆ ಹೋದೆ. ಕಂಠೀರವದಲ್ಲಿ ಆಟದ ಅಂಗಳಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ, ಆಟಗಾರರ ಮುಖ ಸರಿಯಾಗಿ ಕಾಣುವುದಿಲ್ಲ. ನನ್ನ ಕೆಲಸಕ್ಕೆ ಅದೇ ಅನುಕೂಲ. ಮೇಲಿನ ಸಾಲಿನಲ್ಲಿ ಕೂತು ಚೆಂಡು ನೋಡುವುದನ್ನೇ ಬಿಟ್ಟು, ನಮ್ಮ ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವೆ ಎಷ್ಟು ಜಾಗ ಇದೆ ಎಂಬುದನ್ನೇ ನೋಡುತ್ತ ಹೋದೆ. ಮುಂದಿನವರು ಒತ್ತಡ ಹಾಕಲು ಓಡಿದಾಗ ಹಿಂದಿನವರೂ ಜೊತೆಗೇ ನಾಲ್ಕು ಹೆಜ್ಜೆ ಏರಬೇಕು. ಏರದಿದ್ದರೆ ನಡುವೆ ಒಂದು ಬಯಲು ಬೀಳುತ್ತದೆ, ಎದುರಾಳಿ ಅಲ್ಲಿ ಚೆಂಡು ತೆಗೆದುಕೊಂಡು ಆರಾಮಾಗಿ ತಿರುಗುತ್ತಾನೆ. ಅಂದು ಸಾಲುಗಳು ಒಟ್ಟಿಗೇ ಏರಿದವು, ಒಟ್ಟಿಗೇ ಇಳಿದವು. ಒಬ್ಬ ಡಿಫೆಂಡರ್ ಹಿಂದೆ ಉಳಿದರೆ ಪಕ್ಕದವನು ಕೈ ಬೀಸಿ ಕರೆಯುವುದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಈ ಆಟ ಅಕ್ಟೋಬರ್‌ನಲ್ಲಿ ಕಂಡಿದ್ದರೆ! 89ನೇ ನಿಮಿಷದಲ್ಲಿ ಜಾವಿ ಹೆರ್ನಾಂಡೆಸ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತೇ ಇಲ್ಲದ ಹುಡುಗ ನನ್ನನ್ನು ತಬ್ಬಿಕೊಂಡ, ಪೆನ್ನು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. 1-0. ಆ ಹಾಳೆಯ ಕೊನೆಯ ಸಾಲನ್ನು ರೈಲಿನಲ್ಲಿ ಬೇರೆಯವರ ಪೆನ್ನು ಕೇಳಿ ಬರೆದೆ.

ಡ್ರಾಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದು ತುಂಬಾ ಕಾಡಿದ ಸಂಖ್ಯೆ. 2022-23ರಲ್ಲಿ 20 ಪಂದ್ಯಕ್ಕೆ ಒಂದೇ ಡ್ರಾ ಇತ್ತು. ಈ ಸಲ ಏಳು. ಪಂಜಾಬ್ ವಿರುದ್ಧ ಮನೆಯಂಗಳದಲ್ಲಿ ಮೂರು ಗೋಲು ಹೊಡೆದೂ 3-3. ಆರನೇ ಸ್ಥಾನದಲ್ಲಿ ಪ್ಲೇ-ಆಫ್‌ಗೆ ಹೋದ ಚೆನ್ನೈಯಿನ್ ಗಳಿಸಿದ್ದು 27 ಅಂಕ, ನಮ್ಮದು 22. ಏಳರಲ್ಲಿ ಮೂರು ಡ್ರಾ ಗೆಲುವಾಗಿದ್ದರೆ ಲೆಕ್ಕವೇ ಬೇರೆ. ಪಂದ್ಯಕ್ಕೆ ಸರಾಸರಿ ಒಂದು ಗೋಲೂ ಹೊಡೆಯಲಾಗದ ತಂಡಕ್ಕೆ ಆ ಗೆಲುವು ಎಲ್ಲಿಂದ ಬರಬೇಕು? ನಮಗಿಂತ ಕಡಿಮೆ ಗೋಲು ಹೊಡೆದದ್ದು ಕೊನೆಯ ಸ್ಥಾನದ ಹೈದರಾಬಾದ್ ಮಾತ್ರ. ಐ-ಲೀಗ್ ಗೆದ್ದು ಅದೇ ವರ್ಷ ಮೇಲೆ ಬಂದ ಪಂಜಾಬ್ ಕೂಡ ನಮಗಿಂತ ಎರಡು ಸ್ಥಾನ ಮೇಲಿತ್ತು. ಐಎಸ್‌ಎಲ್‌ನಲ್ಲಿ ಕೆಳಗಿಳಿಯುವ ಭಯ ಇರಲಿಲ್ಲ, ಹತ್ತನೆಯವರಾದರೂ ಮುಂದಿನ ವರ್ಷ ಅದೇ ಲೀಗ್. ಆ ಭಯ ಇದ್ದಿದ್ದರೆ ಬೇಸಿಗೆಯ ಆ ಸಹಿಗಳನ್ನು ಇನ್ನಷ್ಟು ಎಚ್ಚರದಿಂದ ಮಾಡುತ್ತಿದ್ದರು ಅನಿಸುತ್ತದೆ.

ಈ ಹಾಳೆಗಳನ್ನು ಭಾವನ ಮುಂದೆ ಇಟ್ಟೆ. ಅವನು ಓದಿ, "ಹೌದು, ಜಿಂಗಾನ್ ನಮ್ಮಲ್ಲಿಗೆ ಬಂದದ್ದು ನಮಗೆ ಲಾಭವೇ ಆಯ್ತು" ಅಂದ. ಛೆಟ್ರಿ ವಯಸ್ಸಿನ ಮಾತು ಮಾತ್ರ ಬಿಡಲಿಲ್ಲ.

ಮುಂದಿನ ಸೀಸನ್‌ಗೆ ಕ್ಲಬ್ ಬೇರೆ ರೀತಿ ಕೊಂಡುತಂದಿತು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಗೆಲುವಿನ ಗೋಲು ಹೊಡೆದ ರಾಹುಲ್ ಭೇಕೆ ವಾಪಸ್ ಬಂದರು, ನೊಗೆರಾ, ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಸ್ ಬಂದರು. ಕೋಚ್ ಅದೇ ಝರಗೋಝಾ. ಸುತ್ತ ಚೆಂಡು ಕೊಡುವವರು, ಜಾಗ ಮಾಡಿಕೊಡುವವರು ಇದ್ದಾಗ 40 ದಾಟಿದ ಛೆಟ್ರಿ 14 ಗೋಲು ಹೊಡೆದರು. ಆ ಸೀಸನ್ನಿನಲ್ಲಿ ಅಷ್ಟು ಹೊಡೆದ ಇನ್ನೊಬ್ಬ ಭಾರತೀಯ ಇರಲಿಲ್ಲ. ತಂಡ ಮೂರನೆಯದಾಗಿ ಮುಗಿಸಿತು, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್ ಆಡಿ, ಮುನ್ನಡೆ ಪಡೆದೂ ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್‌ಗೆ 2-1ರಿಂದ ಸೋತಿತು. ಆ ಸೋಲಿನ ಬಲಗಡೆ ಪುಟದಲ್ಲಿ ನಾನು ದೂರು ಬರೆದಿಲ್ಲ.

ಈಗ ನೋಟ್‌ಬುಕ್‌ನಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಹೋದವರು-ಬಂದವರ ಹಾಳೆಯನ್ನು ಸೀಸನ್ ಮುಗಿದ ಮೇಲಲ್ಲ, ಮೊದಲ ಪಂದ್ಯಕ್ಕೂ ಮುಂಚೆಯೇ ಬರೆಯುತ್ತೇನೆ. ಪ್ರತಿಯೊಬ್ಬನ ಹೆಸರಿನ ಮುಂದೆ ಅವನು ಮೈದಾನದಲ್ಲಿ ಮಾಡುತ್ತಿದ್ದ ಕೆಲಸ ಯಾವುದು, ಇನ್ನು ಮುಂದೆ ಅದನ್ನು ಮಾಡುವವರು ಯಾರು ಎಂದು ಎರಡು ಮನೆ ಗೀಚಿಕೊಳ್ಳುತ್ತೇನೆ. ಎರಡನೇ ಮನೆ ಖಾಲಿ ಉಳಿದ ಹೆಸರುಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ.