ಎರೆಮಣ್ಣಿನಲ್ಲಿ ಮಳೆನೀರಿನ ಟಾಕಿ ನಿಲ್ಲಿಸಿದ ಬಗೆ: ನನ್ನ ಅನುಭವ

ಗದಗ ಜಿಲ್ಲೆಯ ಎರೆ ಸೀಮೆಯಲ್ಲಿ ನೆಲದೊಳಗೆ ಕಟ್ಟಿದ ಟಾಕಿ ಬಾಳಿಕೆ ಬರುವುದಿಲ್ಲ ಎಂಬುದು ನಮ್ಮ ಗೌಂಡಿಗಳಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಮುಂಡರಗಿ, ರೋಣ ತಾಲೂಕುಗಳಲ್ಲಿ ನಾನು ಮಾಳಿಗೆ ನೀರು ಹಿಡಿಯುವ ಕೆಲಸ ಆರಂಭಿಸಿದಾಗ "ಎರಿ ಮಣ್ಣಾಗ ಟಾಕಿ ನಿಂದ್ರೂದಿಲ್ಲ ಬಿಡ್ರಿ, ರೊಕ್ಕ ಹಾಳು" ಎಂದು ಹಿರಿಯ ಗೌಂಡಿಗಳೆಲ್ಲ ಹೇಳಿದ್ದರು. 2019ರ ಆಗಸ್ಟ್ ತಿಂಗಳ ಮಹಾಮಳೆಯನ್ನೂ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರ ಬರವನ್ನೂ ಕಂಡ ನನ್ನ ಟಾಕಿಗಳು ಬಿರುಕಿಲ್ಲದೆ ನಿಂತಿವೆ. ಈಗ ಅದೇ ಹಿರಿಯರು ಅಳತೆ ಕೇಳಲು ಬರುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಕೊಳವೆಬಾವಿ ಇರುವಾಗ ಇದೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನಕ. ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳು ಅದನ್ನು ದಾಟುತ್ತವೆ, ಮಕ್ಕಳ ಹಲ್ಲಿನ ಕಂದು ಪಟ್ಟೆಯೇ ಅದಕ್ಕೆ ಸಾಕ್ಷಿ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನು ತುಂಬುತ್ತದೆ, ನಿಜ. ಆದರೆ ಆ ಘಟಕಕ್ಕೂ ಕೊಳವೆಬಾವಿಯೇ ಆಧಾರ; ಅದು ಬತ್ತಿದ ವರ್ಷ ಘಟಕಕ್ಕೆ ಬೀಗ ಬೀಳುತ್ತದೆ. ಹಮ್ಮಿಗಿ ಬ್ಯಾರೇಜಿನಿಂದ ಬರುವ ತುಂಗಭದ್ರೆಯ ನೀರೂ ನದಿಯ ಹರಿವು ಇಳಿದಂತೆ ತಡವಾಗುತ್ತದೆ.

ಲೆಕ್ಕ ಹಾಕುವಾಗ ವಾರ್ಷಿಕ ಸರಾಸರಿ ಮಳೆಯನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಮೃಗಶಿರಾ ಕೈಕೊಟ್ಟು, ಉತ್ತರಿ, ಹಸ್ತಿಗಳಲ್ಲಿ ನಾಲ್ಕೇ ದಿನ ಧಾರಾಕಾರ ಸುರಿದು ಹೋಗುವ ವರ್ಷಗಳು ಹೆಚ್ಚುತ್ತಿರುವಾಗ ಟಾಕಿಯ ಗಾತ್ರವನ್ನು ಅತಿ ಉದ್ದದ ಒಣ ಅವಧಿಗೆ, ಪೈಪು ಮತ್ತು ಸೋಸುಗುಂಡಿಯನ್ನು ಅತಿ ಜೋರಿನ ಒಂದು ತಾಸಿನ ಮಳೆಗೆ ಹೊಂದಿಸಬೇಕು. ಆರು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಹಿಡಿದರೆ ವರ್ಷಕ್ಕೆ 11,000 ಲೀಟರ್ ಬೇಕು. ನೂರು ಚದರಡಿ ಆರ್‌ಸಿಸಿ ಮಾಳಿಗೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 9 ಲೀಟರಿಗಿಂತ ತುಸು ಹೆಚ್ಚು ಸಿಗುತ್ತದೆ. ಆರುನೂರು ಚದರಡಿಯ ಮಾಳಿಗೆ ಇದ್ದರೆ 300 ಮಿ.ಮೀ. ಮಳೆಯ ಕೆಟ್ಟ ವರ್ಷದಲ್ಲಿಯೂ, ಪೋಲಾದದ್ದನ್ನು ಕಳೆದು, ಟಾಕಿ ತುಂಬುತ್ತದೆ. ಮೇಲ್ಮುದ್ದೆಯ ಮಣ್ಣಿನ ಮಾಳಿಗೆಯವರಿಗೆ ತಗಡಿನ ಪಡಸಾಲೆ ಹಾಕಿಸಿಕೊಳ್ಳದೆ ದಾರಿಯಿಲ್ಲ.

ಮೊದಲು ಕಟ್ಟಿದ್ದು ಇಟ್ಟಿಗೆಯ ಚೌಕದ ಟಾಕಿ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟು, ಮಳೆ ಹೀರಿದೊಡನೆ ಉಬ್ಬಿ ಗೋಡೆಯನ್ನು ಒತ್ತುತ್ತದೆ. ಹಸ್ತಿ ಮಳೆಗೆ ಆ ಟಾಕಿಯ ಮೂಲೆ ಬಿರಿದು ನೀರೆಲ್ಲ ಇಂಗಿತು. ನಲವತ್ತು ಸಾವಿರದಷ್ಟು ಹೋಯಿತು, ಅರ್ಧ ನನ್ನ ಕೈಯಿಂದ. ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯನ್ನು ಇಲಿಗಳು ಕಡಿದು ಹಾಳು ಮಾಡಿದವು. ಈಗ ನಾನು ಕಟ್ಟುವುದು ದುಂಡನೆಯ ಫೆರೋಸಿಮೆಂಟ್ (ತಂತಿ ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿ ಕಟ್ಟುವ) ಟಾಕಿ: ಹತ್ತಡಿ ಅಡ್ಡಗಲ, ಆರಡಿ ಆಳ, 12,000 ಲೀಟರಿಗೆ ಸಾಕು. ಗುಂಡಿಯನ್ನು ಸುತ್ತಲೂ ಎರಡಡಿ ಹೆಚ್ಚು ಅಗೆದು, ತಳಕ್ಕೆ ಒಂದಡಿ ಗರಸು (ಎರೆಯಂತೆ ಉಬ್ಬದ ಜಲ್ಲಿ ಮಣ್ಣು) ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡುತ್ತೇನೆ. ಗೋಡೆ ಎದ್ದ ಮೇಲೆ ಪಕ್ಕದ ಸಂದಿಗೂ ಗರಸನ್ನೇ ತುಂಬುತ್ತೇನೆ. ಅಗೆದ ಎರೆಮಣ್ಣಿನ ಒಂದು ಬುಟ್ಟಿಯನ್ನೂ ಮರಳಿ ಹಾಕಗೊಡುವುದಿಲ್ಲ. ಮಳೆ ನೀರು ಗೋಡೆಯ ಬುಡಕ್ಕೆ ಇಳಿಯದಂತೆ ಮೇಲೆ ಮೂರಡಿ ಅಗಲದ ಕಾಂಕ್ರೀಟ್ ಕಟ್ಟೆ ಬೇಕು. ಟಾಕಿಯ ಬಾಯಿಯನ್ನು ನೆಲದಿಂದ ಎರಡೂವರೆ ಅಡಿ ಎತ್ತರಿಸಬೇಕು. 2019ರಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ಬಂದಾಗ ನೆಲಮಟ್ಟದ ಬಾಯಿಯ ಟಾಕಿಗಳಿಗೆ ಕೆಸರು ನುಗ್ಗಿದ್ದನ್ನು ಕಂಡಿದ್ದೇನೆ. ತಳ ಮತ್ತು ಗೋಡೆ ಕೂಡುವ ಜಾಗದ ಗಿಲಾಯಿಗೆ ನಾನು ಬೆರೆಸುವ ವಸ್ತುವನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಜೊತೆಗೆ ಕೆಲಸಕ್ಕೆ ಬಂದವರಿಗೆ ತೋರಿಸುತ್ತೇನೆ.

ಸಾಮಾನ್ಯ ಮಳೆಗೆ ಚೆನ್ನಾಗಿದ್ದ ಉಸುಕಿನ ಸೋಸುಗುಂಡಿ ಜೋರು ಮಳೆಗೆ ಸೋತಿತು. ತಾಸಿಗೆ 50 ಮಿ.ಮೀ. ಸುರಿದರೆ ಆರುನೂರು ಚದರಡಿಯಿಂದ 2,800 ಲೀಟರ್ ನೀರು ಒಮ್ಮೆಲೇ ನುಗ್ಗುತ್ತದೆ, ಸಣ್ಣ ಉಸುಕು ಅಷ್ಟನ್ನು ಬಿಟ್ಟುಕೊಡದೆ ನೀರು ಅಂಗಳದ ಪಾಲಾಗುತ್ತದೆ. ಆದ್ದರಿಂದ ಮೊದಲ ಕೊಳೆ ನೀರನ್ನು ಹೊರಗೆ ಬಿಟ್ಟ ನಂತರ 4 ಇಂಚಿನ ಪೈಪಿನಿಂದ 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿನ ತಳಕ್ಕೆ ನೀರು ಇಳಿಸಿ, ಹೂಳು ಕೆಳಗೆ ಕುಳಿತು ಮೇಲಿನಿಂದ ತುಂಬಿ ಹರಿದದ್ದನ್ನು ಮಾತ್ರ ಜಲ್ಲಿ, ಇದ್ದಿಲಿನ ಗುಂಡಿಗೆ ಬಿಡುತ್ತೇನೆ. ವರ್ಷಕ್ಕೆ ಎರಡು ಸಲ H2S ಸೀಸೆಯಲ್ಲಿ (ರೋಗಾಣು ಪತ್ತೆಯ ಮದ್ದು ಮೊದಲೇ ಹಾಕಿರುವ ಸೀಸೆ) ನೀರು ತುಂಬಿ ಪರೀಕ್ಷಿಸುತ್ತೇವೆ. ಮಲಿನ ಇದ್ದರೆ ಎರಡು ದಿನದೊಳಗೆ ಸೀಸೆಯ ನೀರು ಕಪ್ಪಾಗುತ್ತದೆ. ಕಪ್ಪಾದ ಟಾಕಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಬ್ಲೀಚಿಂಗ್ ಪುಡಿ ಹಾಕಿ, ಮತ್ತೆ ಪರೀಕ್ಷಿಸಿದ ಮೇಲೆಯೇ ಕುಡಿಯಲು ಬಿಡುವುದು.

ನಡುವೆ ನುಗ್ಗೆ ಬೀಜದ ಪುಡಿಯಿಂದ ನೀರು ತಿಳಿಯಾಗಿಸಿ ನೋಡಿದೆ. ಕೊಡದ ನೀರಿಗೆ ಸೊಗಸಾಗಿ ಕೆಲಸ ಮಾಡಿತು, ಟಾಕಿಯಲ್ಲಿ ಮಾತ್ರ ಕೆಲವು ದಿನಗಳಲ್ಲಿ ವಾಸನೆ ಬಂತು. ತುಂಬಿ ಹೆಚ್ಚಾದ ನೀರನ್ನು ಬತ್ತಿದ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದ್ದೂ ಉಂಟು. ದನಕರುಗಳಿಗೆ, ಬಟ್ಟೆಬರೆಗೆ ಸಾಲುವಷ್ಟು ನೀರು ಬೇಸಿಗೆಯ ಕೆಲವು ವಾರ ಮರಳಿ ಬಂತು. ಈ ಪ್ರಯೋಗ ಮುಂದುವರಿದಿದೆ.

ಕೂಲಿ, ಜಾಲರಿ, ಸಿಮೆಂಟು, ಗರಸಿನ ಸಾಗಣೆ ಸೇರಿ ಒಂದು ಟಾಕಿಗೆ ಎಪ್ಪತ್ತು ಸಾವಿರದ ಆಸುಪಾಸು ಬೀಳುತ್ತದೆ. ಹತ್ತಿರದಲ್ಲಿ ಗರಸು ಸಿಗದ ಊರಲ್ಲಿ ಇನ್ನೂ ಎಂಟು ಹತ್ತು ಸಾವಿರ. ಇದು ಒಂದು ಬರಿದಾದ ಕೊಳವೆಬಾವಿಗೆ ಸುರಿಯುವ ಹಣಕ್ಕಿಂತ ಕಡಿಮೆ. ಹಿಂಗಾರಿ ಸುಗ್ಗಿ ಮುಗಿದು ಆಳುಗಳು ಸಿಗುವಾಗ ಅಗೆತ ಆರಂಭಿಸಿ, ರೋಹಿಣಿ ಮಳೆಗೆ ಮೊದಲೇ ಮುಗಿಸಬೇಕು. ಆ ಕಾಲದಲ್ಲಿ ಕ್ಯೂರಿಂಗಿಗೆ ನೀರೇ ಇರುವುದಿಲ್ಲವಾದ್ದರಿಂದ ಟ್ಯಾಂಕರಿಗೆ ಎರಡು ಸಾವಿರ ಬೇರೆ ತೆಗೆದಿಡಿ. ಗೋಡೆಗೆ ಹಸಿ ಗೋಣಿತಟ್ಟು ಸುತ್ತಿ ಮೇಲೆ ಹಾಳೆ ಹೊದಿಸಿದರೆ ಅದರಲ್ಲಿ ಅರ್ಧ ಉಳಿಯುತ್ತದೆ.