ದುಂಡಾಣು ಅಂದರೆ ಬೆಚ್ಚುವ ಊರಲ್ಲಿ ದುಂಡಾಣು ಕುಡಿಸಿದ ಬಾಳೆ ಸಸಿ

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಬೆಳೆದವರ ಮುಂದೆ ‘ದುಂಡಾಣು’ (ಬ್ಯಾಕ್ಟೀರಿಯಾ) ಅಂದು ನೋಡಿ, ಮುಖ ಸಪ್ಪಗಾಗುತ್ತೆ. ಕಾಯಿ ಮೇಲೆ ಎಣ್ಣೆ ಚುಕ್ಕೆ ಬಿದ್ದು, ಸೀಳಿ, ಕೊನೆಗೆ ಗಿಡ ಕಿತ್ತು ಬೆಂಕಿ ಹಾಕಿದವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಅಂಥ ಊರಲ್ಲಿ ಲ್ಯಾಬಿನ ಬಾಟಲಿಯಲ್ಲಿ ಬೆಳೆಸಿದ ಟಿಶ್ಯೂ ಬಾಳೆ ಸಸಿಗೆ ಬೇಕಂತಲೇ ದುಂಡಾಣು ಕುಡಿಸ್ತೀನಿ ಅಂದಾಗ ಪಕ್ಕದ ನರ್ಸರಿಯವರು, ‘ಮಾಡೋದು ಮಾಡು ಮಾರಾಯ, ಗಿರಾಕಿಗಳಿಗೆ ಮಾತ್ರ ಹೇಳಬೇಡ’ ಅಂದರು. ಸಸಿ ಕಳಿಸುವ ಲ್ಯಾಬಿನವರದು ಇನ್ನೊಂದು ರಾಗ: ‘ನಾವು ಅಷ್ಟು ಶುದ್ಧ ಮಾಡಿ ಕಳಿಸಿದ್ದನ್ನ ನೀವು ಕೊಳೆ ಮಾಡ್ತೀರಲ್ಲ ಸಾರ್.’ ಆ ಕೊಳೆಯಿಂದಲೇ ನನ್ನ ಸೊಸೈಟಿ ಸಾಲ ತೀರಿತು.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿತ್ತು, 1933 ಆದ ಮೇಲೆ ಮೊದಲ ಸಲ. ನೀರು ಕಂಡವರೆಲ್ಲ ಬಾಳೆ ಅಂದರು, ನಾನು ನರ್ಸರಿ ಅಂದೆ. ಮೊದಲ ಲಾಟ್ ಇಳಿಸಿದ್ದು ಮುಂದಿನ ಮಾರ್ಚ್‌ನಲ್ಲಿ. ತಪ್ಪು ಅಲ್ಲೇ ಶುರು. ಜಿ-9 ಅನ್ನೋ ಬಾಳೆ ತಳಿ, 5,000 ಬಾಟಲಿ ಸಸಿ, ಒಂದಕ್ಕೆ 7 ರೂಪಾಯಿ ಚಿಲ್ಲರೆ. ಮಂಜಿನ ಹಾಗೆ ನೀರು ಹಾರಿಸುವ ಫಾಗರ್ ಇತ್ತು, ಕರೆಂಟ್ ಇರಲಿಲ್ಲ. ಹತ್ತು ದಿನದಲ್ಲಿ 2,000ದ ಹತ್ತಿರ ಹೋಯ್ತು, ಅರ್ಧ ಒಣಗಿ, ಅರ್ಧ ಬುಡ ಕೊಳೆತು. ಸಸಿ ದುಡ್ಡು, ಬಾಡಿಗೆ, ಕೂಲಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿ 25,000 ಮಣ್ಣುಪಾಲು. ಅಪ್ಪ ಬೈಯಲಿಲ್ಲ. ಸತ್ತಿದ್ದನ್ನ ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದು, ‘ಕಂದು ನೆಟ್ಟಿದ್ರೆ ಇಷ್ಟೊತ್ತಿಗೆ ಎಲೆ ಬಿಡ್ತಿತ್ತು’ ಅಂದರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಸೂಡೊಮೋನಾಸ್ ಪುಡಿ, ಅಂದರೆ ಗಿಡಕ್ಕೆ ಒಳ್ಳೇದು ಮಾಡುವ ಜೀವಂತ ದುಂಡಾಣುವನ್ನ ಟಾಲ್ಕ್‌ನಲ್ಲಿ ಬೆರೆಸಿದ್ದು, ತಂದಿದ್ದು ಎರಡನೇ ಲಾಟಿಗೆ. ಏನೂ ಆಗಲಿಲ್ಲ. ಪ್ಯಾಕೆಟ್ ತಿರುಗಿಸಿ ನೋಡಿದರೆ ತಯಾರಾಗಿ ಹನ್ನೊಂದು ತಿಂಗಳು, ಅದೂ ತಗಡಿನ ಅಂಗಡಿಯ ಅಟ್ಟದ ಮೇಲೆ ಬಿಸಿಲಲ್ಲಿ ಬೆಂದಿದ್ದು. ನಾನು ಸಸಿಗೆ ಬರೀ ಟಾಲ್ಕ್ ಪೌಡರ್ ಹಚ್ಚಿದ್ದೆ! ಮೂರನೇ ಸಲ ಹೊಸ ಪುಡಿ ತಂದೆ. ಅವತ್ತು ಬೋರ್ ಮೋಟಾರ್ ಸುಟ್ಟಿತ್ತು ಅಂತ ನಲ್ಲಿ ನೀರಲ್ಲಿ ಕಲಸಿದೆ. ಆ ವಾರ ಟ್ಯಾಂಕಿಗೆ ಬ್ಲೀಚಿಂಗ್ ಸುರಿದಿದ್ದರು, ಮೂಗಿಗೆ ಬಡಿಯುತ್ತಿದ್ದರೂ ಅದು ದುಂಡಾಣುವನ್ನೇ ಕೊಲ್ಲುತ್ತೆ ಅಂತ ನನಗೆ ಹೊಳೆಯಲಿಲ್ಲ. ನಾಲ್ಕನೇ ಸಲ ಪುಡಿಯೂ ಸರಿ, ನೀರೂ ಸರಿ, ಆದರೆ ಹೆಣ್ಣಾಳುಗಳಿಗೆ ಬಸ್ ಹೊತ್ತಾಯ್ತು ಅಂತ ಬೇರಿಗೆ ಅಂಟಿದ ಅಗಾರ್ (ಬಾಟಲಿಯಲ್ಲಿ ಸಸಿ ಬೆಳೆಯುವ ಜೆಲ್ಲಿ) ಅರೆಬರೆ ತೊಳೆದರು. ಆ ಅಗಾರ್‌ನಲ್ಲಿ ಸಕ್ಕರೆ ಬೆರೆತಿರುತ್ತೆ. ಮೂರು ಟ್ರೇ ಬುಡದಲ್ಲಿ ಲೋಳೆ ಕಟ್ಟಿ, ವಾಸನೆ ಬಂದು, ಕೈಗೆ ಎತ್ತಿದರೆ ಗಿಡ ಮೇಲೆ ಬಂತು, ಬೇರು ಅಲ್ಲೇ ಉಳೀತು. ಹೀಗೆ ಮೂರು ಸಲ ಮುಗ್ಗರಿಸಿದರೆ ಯಾರಿಗಾದರೂ ಅನುಮಾನ ಬರುತ್ತೆ. ನನಗೂ ಬಂತು.

ಐದನೇ ಲಾಟನ್ನ ಎರಡು ಪಾಲು ಮಾಡಿದೆ. ಪುಡಿ ಕಂಡ ಟ್ರೇಗಳಿಗೆ ಹಳೇ ಸೀರೆಯ ಕೆಂಪು ಚೂರು ಕಟ್ಟಿದೆ, ಉಳಿದವಕ್ಕೆ ಬರೀ ನೀರು. ಮೂರು ವಾರ ಮೇಲಿಂದ ನೋಡಿದರೆ ಎರಡೂ ಒಂದೇ. ಬಿಟ್ಟುಬಿಡೋಣ ಅಂದುಕೊಂಡೆ. ಚೀಲಕ್ಕೆ ಬದಲಾಯಿಸುವ ದಿನ ಟ್ರೇ ಬಿಡಿಸುತ್ತಿದ್ದ ನಮ್ಮ ಗೌರಕ್ಕ, ‘ಅಣ್ಣಾ, ಕೆಂಪು ಬಟ್ಟೇವು ಉದುರೋದೇ ಇಲ್ಲ ನೋಡ್ರಿ’ ಅಂದಳು. ಬರೀ ನೀರಿನ ಸಸಿ ಎತ್ತಿದರೆ ಅರ್ಧ ಕೋಕೋಪೀಟ್ ಉದುರುತ್ತೆ, ನಾಲ್ಕೈದು ನುಣ್ಣನೆ ಬೇರು ನೇತಾಡುತ್ತೆ. ಕೆಂಪು ಬಟ್ಟೆಯದು ತುರುಬು ಕಟ್ಟಿದ ಹಾಗೆ ಗಟ್ಟಿ ಉಂಡೆ, ಸುತ್ತ ಬಿಳೀ ನವಿರು ಬೇರು. ಸೆಕೆಂಡರಿ, ಅಂದರೆ ಚೀಲದಲ್ಲಿ ಸಸಿ ಹದಗೊಳ್ಳುವ ಹಂತ, ಮುಗಿಯುವ ಹೊತ್ತಿಗೆ ಬರೀ ನೀರಿನವು ನೂರಕ್ಕೆ 78–80 ಉಳಿದವು, ಕೆಂಪು ಬಟ್ಟೆಯವು 92ರ ಮೇಲೆ. ಆಮೇಲಿನ ಲಾಟ್‌ಗಳಲ್ಲೂ 90ಕ್ಕಿಂತ ಕೆಳಗೆ ಇಳಿದಿಲ್ಲ, ಒಂದು ಮೇ ತಿಂಗಳು ಬಿಟ್ಟು.

ಈಗ ನಾನು ಮಾಡೋದು ಇಷ್ಟೇ. ಉಗುರುಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆದು, ಎಲೆಕಂಕುಳಲ್ಲಿ ಜೋಳದ ಕಾಳಿನಷ್ಟೂ ಅಗಾರ್ ಇಲ್ಲ ಅಂತ ನಾನೇ ನೋಡ್ತೀನಿ. ಲೀಟರಿಗೆ 10 ಗ್ರಾಂ ಪುಡಿ, ಬಟ್ಟೆಯಲ್ಲಿ ಸೋಸಿ, ಇಪ್ಪತ್ತು ನಿಮಿಷ ಬೇರು ಅದ್ದೋದು. ಆಮೇಲೆ ಗಿಡಕ್ಕೆ 10 ಎಂ.ಎಲ್. ಲೆಕ್ಕದಲ್ಲಿ ಮೂರು ಸಲ ಬುಡಕ್ಕೆ, ಹೊತ್ತು ಇಳಿದ ಮೇಲೆ. ಚೀಲಕ್ಕೆ ಹೋದಾಗ ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಇನ್ನೊಂದು ಒಳ್ಳೆ ದುಂಡಾಣು ಸೇರುತ್ತೆ. ಮೊದಲ ಸಲ ಯಾವ ದಿನ ಕೊಡ್ತೀನಿ, ಅದ್ದುವ ನೀರಿಗೆ ಹಿಂದಿನ ರಾತ್ರಿ ಏನು ಒಂದು ಚಮಚ ಹಾಕಿಡ್ತೀನಿ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನ ಕೇಳಬೇಡಿ. ದುಂಡಾಣು ಕೊಲ್ಲುವ ಕಾಪರ್, ಸ್ಟ್ರೆಪ್ಟೋಸೈಕ್ಲಿನ್ ಔಷಧಿ ಕಂಡ ಡ್ರಮ್ಮನ್ನ ಮಾತ್ರ ಇದರ ಹತ್ತಿರ ತರಬೇಡಿ. ಹತ್ತು ಸಾವಿರ ಸಸಿಗೆ ನಾಲ್ಕು ಕೆ.ಜಿ. ಪುಡಿ, 800 ರೂಪಾಯಿ ಒಳಗೆ. ಗಿಡಕ್ಕೆ ಎಂಟು ಪೈಸೆ. ನೂರಕ್ಕೆ ಹನ್ನೆರಡು ಗಿಡ ಹೆಚ್ಚು ಉಳಿದರೆ, 16 ರೂಪಾಯಿಗೆ ಮಾರುವವನಿಗೆ ಎಷ್ಟಾಯ್ತು ಅಂತ ನೀವೇ ಲೆಕ್ಕ ಹಾಕಿ. ಹಾಗಂತ ಫಾಗರ್ ಕೈಕೊಟ್ಟರೆ ಯಾವ ಪುಡಿಯೂ ಕಾಯಲ್ಲ. ಆ ಮೇ ತಿಂಗಳಲ್ಲಿ ಆಗಿದ್ದು ಅದೇ, ಈಗ ಜನರೇಟರ್ ತಂದಿಟ್ಟಿದ್ದೀನಿ.

ನಡುವೆ ಕೈ ಸುಮ್ಮನಿರದೆ ಜೀವಾಮೃತ ಸೋಸಿ ಟ್ರೇಗೆ ಹಾಕಿದೆ. ಪಾಚಿ ಕಟ್ಟಿ, ಗುಂಗಾಡು ಎದ್ದು, ಶೆಡ್ಡಿಗೆ ಹೋಗೋ ಹಾಗಿರಲಿಲ್ಲ. ಹೊಲಕ್ಕೆ ಅದು ಸರಿ, ಸಸಿ ಟ್ರೇಗೆ ಬೇಡ. ಅಡಿಕೆ ಸಸಿಗೂ ಇದೇ ಪುಡಿ ಕೊಟ್ಟು ನೋಡಿದೆ, ಒಂದು ಎಲೆಯ ವ್ಯತ್ಯಾಸವೂ ಕಾಣಲಿಲ್ಲ. ಚೆಂಡು ಹೂವಿನ ಸಸಿ ಮಾತ್ರ ನಾಲ್ಕು ದಿನ ಮುಂಚೆ ನಾಟಿಗೆ ಬಂತು.

ಹೇಳಬೇಡ ಅಂದಿದ್ದ ಪಕ್ಕದ ನರ್ಸರಿಯವರು ಹೋದ ತಿಂಗಳು ಹುಡುಗನ ಕೈಲಿ ಖಾಲಿ ಕ್ಯಾನ್ ಕಳಿಸಿದ್ದರು. ತುಂಬಿಸಿ ಕೊಟ್ಟೆ, ಚಮಚದ್ದು ಹಾಕದೆ.