ಬಳ್ಳಾರಿಯಲ್ಲಿ ಹಳೇ ಕಾರು: ಡೀಲರ್ ಹತ್ತಿರ ಕೊಳ್ಳಬೇಕೋ, ಹರಾಜಿನಲ್ಲಿ ಹಿಡಿಯಬೇಕೋ?

ಸಾಲ ಕಟ್ಟದೆ ಸೀಜ್ ಆದ ಗಾಡಿ ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಡೀಲರ್ ಹತ್ತಿರ ಗಾಡಿ ಚಾಲೂ ಮಾಡಿ, ಓಡಿಸಿ ನೋಡಬಹುದು. ಹರಾಜಿನ ಯಾರ್ಡಿನಲ್ಲಿ ಸಾಮಾನ್ಯವಾಗಿ ಸುತ್ತ ತಿರುಗಿ ನೋಡುವುದಷ್ಟೇ. ಬೆಲೆ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ.

ನಮ್ಮ ಕಡೆ ಮೊದಲು ಹುಡುಕಬೇಕಾದದ್ದು ಅದಿರಿನ ಕೆಂಪು ಧೂಳು. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ದುಡಿದ ಡೀಸೆಲ್ ಗಾಡಿಯನ್ನು ಎಷ್ಟೇ ತೊಳೆದರೂ ಸೀಟಿನ ಹಳಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಅದು ಉಳಿದಿರುತ್ತದೆ. ಏರ್ ಫಿಲ್ಟರ್ ಬಿಚ್ಚಿ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ಧೂಳು ಫಿಲ್ಟರ್ ದಾಟಿದೆ, ಪಿಸ್ಟನ್ ರಿಂಗು ಸವೆದಿರುವ ಸಾಧ್ಯತೆ ಹೆಚ್ಚು. ಖಚಿತ ಮಾಡಿಕೊಳ್ಳಲು ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಯ ಮೇಲೆ ಬೋರಲಾಗಿ ಇಡಿ. ಮುಚ್ಚಳ ಕುಣಿದು ಹೊಗೆ ಉಗುಳಿದರೆ ಆ ಗಾಡಿ ಬಿಡಿ. ರಿಂಗು, ಬೋರ್ ಕೆಲಸ ಅಂದರೆ ಎಂಜಿನ್ ಪೂರ್ತಿ ಇಳಿಸಬೇಕು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡುವುದನ್ನೂ ಮರೆಯಬೇಡಿ. ನೆರಳಿನಲ್ಲಿದ್ದೂ ಬಿಸಿ ಇದ್ದರೆ ನಿಮಗಾಗಿ ಮೊದಲೇ ಚಾಲೂ ಮಾಡಿಟ್ಟಿರಬಹುದು, ತಣ್ಣನೆ ಎಂಜಿನ್ ಚಾಲೂ ಆಗುವಾಗಿನ ತೊಂದರೆ ಕಾಣಿಸದು. ತಣ್ಣಗಿದ್ದಾಗ ಮತ್ತೆ ಬನ್ನಿ.

ಕಿಲೋಮೀಟರ್ ಮೀಟರನ್ನು ನಂಬಬೇಡಿ. ನಿಜವಾಗಿ 40,000 ಕಿ.ಮೀ. ಮಾತ್ರ ಓಡಿದ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ಸಾಮಾನ್ಯವಾಗಿ ಸವೆದು ನುಣುಪಾಗಿರುವುದಿಲ್ಲ.

ಡೀಲರ್ ಹತ್ತಿರ ಕೊಳ್ಳುವಾಗ ಹಳೇ ಗಾಡಿ ಮಾರಲು ಆರ್‌ಟಿಒ ಅವರಿಗೆ ಕೊಟ್ಟ ಅಧಿಕೃತ ಪ್ರಮಾಣಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವವರಿಗೂ ಇದರ ನಿಯಮ ಬಂದಿದೆ. ಜಿಎಸ್‌ಟಿ ಶೇ 18 ಎಂದು ಪೂರಾ ಬೆಲೆಗೆ ಲೆಕ್ಕ ಹಾಕಿದರೆ ಒಪ್ಪಬೇಡಿ. ಸಾಮಾನ್ಯವಾಗಿ ಅದು ಡೀಲರ್‌ನ ಲಾಭಾಂಶದ ಮೇಲೆ ಮಾತ್ರ: 4 ಲಕ್ಷಕ್ಕೆ ಕೊಂಡು 4.5 ಲಕ್ಷಕ್ಕೆ ಮಾರಿದರೆ ತೆರಿಗೆ 9,000 ರೂಪಾಯಿ, 81,000 ಅಲ್ಲ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ನಮೂನೆ 29, 30ಕ್ಕೆ ಆರ್‌ಸಿಯಲ್ಲಿರುವ ಮಾಲೀಕನ ಸಹಿ ಬೇಕು. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಆಂಧ್ರ, ತೆಲಂಗಾಣ ಪಾಸಿಂಗ್ ಗಾಡಿ ಅಗ್ಗ ಕಂಡರೂ ಅಲ್ಲಿನ ಆರ್‌ಟಿಒದಿಂದ ನಮೂನೆ 28ರಲ್ಲಿ ಪಡೆಯುವ ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಸೇರಿಸಿ ನೋಡಿ, ಅಗ್ಗ ಕರಗಿಹೋಗುತ್ತದೆ.

ಹರಾಜಿಗೆ ಹೋಗುವುದಾದರೆ ಮೆಕ್ಯಾನಿಕ್ ಜೊತೆಗಿರಲಿ. 'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತಿಗೆ ಸಹಿ ಹಾಕಿದ ಮೇಲೆ ದೂರಲು ಜಾಗವಿಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಬ್ಯಾಟರಿ ಸತ್ತಿರುತ್ತದೆ, ಟೈರಿನ ಬದಿ ಬಿರುಕು ಬಿಟ್ಟಿರುತ್ತದೆ, ಇಲಿಗಳು ವೈರಿಂಗ್ ಕಡಿದಿರಬಹುದು. ಇವುಗಳ ಖರ್ಚು, ಬಾಕಿ ಚಲನ್, ಯಾರ್ಡಿನ ಪಾರ್ಕಿಂಗ್ ಬಾಡಿಗೆ, ಟೋಯಿಂಗ್, ಹೊಸ ವಿಮೆ ಎಲ್ಲವನ್ನೂ ಮಾರುಕಟ್ಟೆ ಬೆಲೆಯಿಂದ ಕಳೆದು, ಕಾಣದ ದೋಷಕ್ಕೆಂದು ಇನ್ನಷ್ಟು ತೆಗೆದಿಟ್ಟು, ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೂಗು ಅದನ್ನು ದಾಟಿದರೆ ಸುಮ್ಮನಾಗಿ. ಗೆದ್ದವರು ಗಡುವಿನೊಳಗೆ ಹಣ ಕಟ್ಟದಿದ್ದರೆ ಹರಾಜಿಗೆ ಮೊದಲೇ ಕಟ್ಟಿದ ಠೇವಣಿ ಹೋಗಬಹುದು, ಸಾಲ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು.

ಕಾಗದವೂ ಇಲ್ಲಿ ಬೇರೆ. ಸಾಲಗಾರ ಸಹಿ ಹಾಕದಿದ್ದರೆ ಫೈನಾನ್ಸ್ ಕಂಪನಿ ನಮೂನೆ 36ರಲ್ಲಿ ಅರ್ಜಿ ಕೊಟ್ಟು ಆರ್‌ಸಿಯನ್ನು ತನ್ನ ಹೆಸರಿಗೆ ಮಾಡಿಸಬೇಕು. ಇದನ್ನು ಯಾರು, ಎಷ್ಟು ದಿನದಲ್ಲಿ ಮಾಡಿಸುತ್ತಾರೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಸರ್ಕಾರಿ ಹರಾಜಿನಲ್ಲಿ ಕೊಂಡರೆ ಹೆಸರು ಬದಲಾವಣೆಗೆ ನಮೂನೆ 32ನ್ನು 30 ದಿನದೊಳಗೆ ಕೊಡಬೇಕು. ಆದರೆ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಅವು ಗುಜರಿಗೆ ಮಾತ್ರ.

ಗಾಡಿ ಯಾರ್ಡಿನಿಂದ ಹೊರಡುವ ಮೊದಲು ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಕ್ಷರಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದು ಅಂಕಿ ತಪ್ಪಿದರೂ ಗಾಡಿ ತರಬೇಡಿ.